‘ವಾತ’ ಅಂದ್ರೆ ಯಾವ ವಾತ ಮಾರಾಯ್ರೇ?

ತುಂಬಾ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಆಫೀಸಿನಲ್ಲಿ ರಿಲೀಸು, ಅದು ಮುಗಿದ ಮೇಲೆ ಅದರ ಬಗ್ಗುಗಳು, ಹೀಗೆ ಕಾರಣ ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ಆದರೆ ಒಂದು ವಿಷಯ ಮಾತ್ರ ಕೆಲವು ತಿಂಗಳಿಂದ ತಲೆಯೊಳಗೆ ಕೊರೆಯುತ್ತಾ ಇತ್ತು. ಬರೆದು ಹಗುರಾಗೋಣ ಅಂತ ಕೂತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಓದಿದ್ದು ಇಂಜಿನಿಯರಿಂಗ್, ಮಾಡುವುದು ಕೋಡಿಂಗ್. ಹಾಗಾಗಿ ಇದನ್ನು ಓದಿ ಯಾರೂ ಮಾತ್ರೆ ನುಂಗಬೇಡಿ, ನುಂಗುತ್ತಿರುವುದನ್ನು ಬಿಡಲೂ ಬೇಡಿ :)

ವಿಷಯ ಇಷ್ಟೇ. ನಮ್ಮ ಫರಂಗಿಪೇಟೆ, ಬಂಟ್ವಾಳದ ಕಡೆ ಗಂಟು ನೋಯುವ ಕಾಯಿಲೆಗಳಿಗೆಲ್ಲ ಒಂದೇ ಹೆಸರು: ವಾತ. ಅಜ್ಜಿಯ ಮೊಣಕಾಲು ಹಿಡಿದರೂ ವಾತ, ಮಾವನ ಕಾಲಿನ ಹೆಬ್ಬೆರಳು ಕೆಂಪಗೆ ಊದಿದರೂ ವಾತ, ಜ್ವರ ಬಿಟ್ಟ ಮೇಲೆ ಕೈ ಎತ್ತಲಾಗದಿದ್ದರೂ ವಾತ, ಮೂವತ್ತೈದರ ಹೆಂಗಸಿನ ಬೆರಳು ಬೆಳಿಗ್ಗೆ ಮಡಚದಿದ್ದರೂ ವಾತ. ಸ್ವಲ್ಪ ಓದಿದವರಾದರೆ ‘ಆರ್ಥ್ರೈಟಿಸ್’ ಅನ್ನುತ್ತಾರೆ. ಅದೂ ಅಷ್ಟೇ, ಇಂಗ್ಲಿಷಿನ ವಾತ. ಗಂಟಿನಲ್ಲಿ ಉರಿಯೂತ ಅಂತ ಅದರ ಅರ್ಥ, ಯಾಕೆ ಅಂತ ಅದೂ ಹೇಳುವುದಿಲ್ಲ. ಈ ಹೆಸರಿನಡಿ ನೂರಕ್ಕೂ ಹೆಚ್ಚು ಬೇರೆ ಬೇರೆ ಕಾಯಿಲೆಗಳು ಬರುತ್ತವೆ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಇದು ‘ಸಿಸ್ಟಂ ಸರಿಯಿಲ್ಲ’ ಅಂತ ಮಾತ್ರ ಬರೆದು ಕಳಿಸಿದ ಬಗ್ ರಿಪೋರ್ಟ್. ನೆಟ್‌ವರ್ಕ್ ಹೋಗಿದೆಯಾ, ಡಿಸ್ಕ್ ತುಂಬಿದೆಯಾ, ಕೋಡೇ ಕೆಟ್ಟಿದೆಯಾ ಅಂತ ನೋಡದೆ ಎಲ್ಲದಕ್ಕೂ ರೀಸ್ಟಾರ್ಟ್ ಮಾಡಿದ ಹಾಗೆ, ನಾವು ಎಲ್ಲಾ ವಾತಕ್ಕೂ ಒಂದು ನೋವಿನ ಮಾತ್ರೆ, ಒಂದು ಎಣ್ಣೆ. ‘ವಾತ’ ಎಂಬ ಈ ಒಂದು ಶಬ್ದದಿಂದಲೇ ನಮ್ಮೂರಿನ ಎಷ್ಟೋ ಹೆಂಗಸರ ಬೆರಳು ಸೊಟ್ಟಗಾಗಿದೆ ಎಂಬುದು ನನ್ನ ವಾದ.

ಯಾಕೆ ಇಷ್ಟು ಖಾರವಾಗಿ ಹೇಳುತ್ತೇನೆ ಅಂದರೆ, ನಮ್ಮ ದೊಡ್ಡಮ್ಮ ಬೀಡಿ ಕಟ್ಟುವವರು. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟು ಮನೆಗಳ ಮಕ್ಕಳ ಫೀಸು, ಎಷ್ಟು ಮದುವೆಗಳ ಚಿನ್ನ ಆ ಬೀಡಿಯ ದುಡ್ಡಿನಿಂದ ಬಂದದ್ದು! ಎಲೆಯನ್ನು ಅಳತೆಗೆ ಕತ್ತರಿಸಬೇಕು, ಹೊಗೆಸೊಪ್ಪಿನ ಪುಡಿ ಹಾಕಿ ಸುರುಟಬೇಕು, ತುದಿ ಮಡಚಬೇಕು, ನೂಲು ಸುತ್ತಬೇಕು. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ಬೆರಳಿನ ವೇಗವೇ ಸಂಬಳ.

ದೊಡ್ಡಮ್ಮನಿಗೆ 43ರ ಪ್ರಾಯದಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಬೆರಳು ಮಡಚಲು ಆಗುತ್ತಿರಲಿಲ್ಲ. ಚಹಾದ ಗ್ಲಾಸು ಎರಡು ಕೈಯಲ್ಲಿ ಹಿಡಿಯಬೇಕು. ಹತ್ತು ಗಂಟೆ ಆಗುವಾಗ ಸ್ವಲ್ಪ ಸಡಿಲ. ಕೇಳಿದವರಿಗೆಲ್ಲ ಅವರದ್ದು ಒಂದೇ ಉತ್ತರ: “ವಾತ ಮಗಾ, ಪ್ರಾಯ ಆಯ್ತಲ್ಲ.” ನಲವತ್ತಮೂರು ಒಂದು ಪ್ರಾಯವಾ!

ನಂತರ ಒಮ್ಮೆ ಅವರ ಬೀಡಿ ಪುಸ್ತಕ ನೋಡಿದೆ. ಬ್ರಾಂಚಿಗೆ ಕೊಟ್ಟ ಬೀಡಿಯ ಲೆಕ್ಕ ದಿನದಿನಕ್ಕೆ ಬರೆದಿರುತ್ತದಲ್ಲ, ಅದು. ಮೊದಲು ದಿನಕ್ಕೆ 900ರ ಆಚೆ ಈಚೆ ಇತ್ತು. ನಾಲ್ಕೈದು ತಿಂಗಳಲ್ಲಿ 700. ವರ್ಷ ಆಗುವಾಗ 400. ಅವರ ರೋಗದ ಗ್ರಾಫು ಅದರಲ್ಲಿ ನೀಟಾಗಿ ಬಿದ್ದಿತ್ತು. ಸ್ಕ್ಯಾನಿಂಗ್ ಬೇಡ, ಎಕ್ಸ್‌ರೇ ಬೇಡ. ಆದರೆ ಅದನ್ನು ದಿನಾ ನೋಡುವವರು ಯಾರಿಗೂ ‘ಈ ಹೆಂಗಸಿಗೆ ಏನೋ ಆಗಿದೆ’ ಅಂತ ಅನ್ನಿಸಲಿಲ್ಲ, ಯಾಕೆಂದರೆ ಎಲ್ಲರಿಗೂ ಉತ್ತರ ಗೊತ್ತಿತ್ತು. ವಾತ.

(ಬೀಡಿ ಕಟ್ಟಿದ್ದರಿಂದಲೇ ಈ ರೋಗ ಬಂತು ಅಂತ ನಾನು ಹೇಳುತ್ತಿಲ್ಲ. ಬೀಡಿ ಸಿಗರೇಟು ಸೇದುವವರಿಗೆ ಇದರ ಅಪಾಯ ಹೆಚ್ಚು ಎಂಬುದು ಮಾತ್ರ ಗೊತ್ತಿರುವ ಸಂಗತಿ.)

ಅವರಿಗೆ ಇದ್ದದ್ದು ರುಮಟಾಯ್ಡ್ ಆರ್ಥ್ರೈಟಿಸ್. ನಮ್ಮ ದೇಹವನ್ನು ಕಾಯಬೇಕಾದ ಸೈನ್ಯ ದಾರಿ ತಪ್ಪಿ ನಮ್ಮದೇ ಗಂಟುಗಳ ಒಳಪದರದ ಮೇಲೆ ದಾಳಿ ಮಾಡುವುದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಹೆಚ್ಚಾಗಿ ಶುರುವಾಗುವುದು ಮೂವತ್ತು ನಲವತ್ತರ ನಂತರ, ಅಂದರೆ ದುಡಿಯುವ ಪ್ರಾಯದಲ್ಲೇ. ಕೈಯ ಸಣ್ಣ ಗಂಟುಗಳು, ಮಣಿಕಟ್ಟು, ಪಾದ, ಅದೂ ಎರಡೂ ಕಡೆ. ಇಲ್ಲಿ ಮುಖ್ಯವಾದದ್ದು ಸಮಯ. ಶುರುವಾದ ಮೊದಲ ಕೆಲವು ತಿಂಗಳಲ್ಲಿ ಸರಿಯಾದ ಮದ್ದು ಸಿಕ್ಕಿದರೆ ಗಂಟು ಉಳಿಯುತ್ತದೆ. ತಡವಾದರೆ ಮೂಳೆ ಸವೆದು, ಬೆರಳು ಓರೆಯಾಗಿ, ಮತ್ತೆ ಯಾವ ಮದ್ದಿನಿಂದಲೂ ನೇರ ಆಗುವುದಿಲ್ಲ. ಸಣ್ಣ ಕಿಟಕಿ ಅದು. ನಮ್ಮಲ್ಲಿ ಆ ಕಿಟಕಿ ಮುಚ್ಚುವವರೆಗೂ ಎಣ್ಣೆ ತಿಕ್ಕುತ್ತಿರುತ್ತೇವೆ.

ಈಗ ಉಳಿದ ‘ವಾತ’ಗಳನ್ನು ನೋಡಿ. ಅಜ್ಜಿಯ ಮೊಣಕಾಲಿನದ್ದು ಹೆಚ್ಚಾಗಿ ಆಸ್ಟಿಯೋ ಆರ್ಥ್ರೈಟಿಸ್. ಗಂಟಿನೊಳಗಿನ ಮೆತ್ತೆಯಂಥ ಮೃದ್ವಸ್ಥಿ ಸವೆಯುವುದು. ನಡೆದಷ್ಟು ನೋವು, ಕೂತರೆ ಆರಾಮ. ಬೆಳಿಗ್ಗೆ ಬಿಗಿತ ಇದ್ದರೂ ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ. ಇದಕ್ಕೆ ದೊಡ್ಡಮ್ಮನ ಮದ್ದು ಉಪಯೋಗವಿಲ್ಲ. ತೊಡೆಯ ಸ್ನಾಯು ಬಲ ಮಾಡುವ ವ್ಯಾಯಾಮ ಬೇಕು, ತೂಕ ಇಳಿಸಬೇಕು. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಅಂತ 2005ರಲ್ಲಿ ಅಮೆರಿಕದಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಕುಕ್ಕರಗಾಲಲ್ಲಿ ಕೂತು ಮಾಡುವ ಕೆಲಸ ಕಡಿಮೆ ಮಾಡಬೇಕು, ಮನೆಯಲ್ಲಿ ಎತ್ತರದ ಕಮೋಡ್ ಹಾಕಿಸಬೇಕು. ಅಷ್ಟರಿಂದಲೇ ಎಷ್ಟೋ ಜನ ಮತ್ತೆ ಪೇಟೆಗೆ ನಡೆದು ಹೋಗುತ್ತಾರೆ.

ಮಾವನ ಹೆಬ್ಬೆರಳಿನದ್ದು ಗೌಟ್ ಇರಬಹುದು. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ ಗಂಟಿನಲ್ಲಿ ಸೂಜಿಯಂಥ ಹರಳು ಕಟ್ಟುವುದು. ರಾತ್ರಿ ಮಲಗುವಾಗ ಸರಿ ಇದ್ದವರು ನಡುರಾತ್ರಿ ಬೊಬ್ಬೆ ಹೊಡೆದು ಏಳುತ್ತಾರೆ, ಹೊದಿಕೆ ತಾಗಿದರೂ ಜೀವ ಹೋಗುತ್ತದೆ. ಇದಕ್ಕೆ ಮದ್ದೇ ಬೇರೆ.

ಇನ್ನು ಜ್ವರದ ನಂತರದ ನೋವು. ಚಿಕುನ್‌ಗುನ್ಯಾ ನೆನಪುಂಟಲ್ಲ? 2006ರಲ್ಲಿ ಕರ್ನಾಟಕದಲ್ಲಿ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಿದ್ದವು. ನಮ್ಮ ದಕ್ಷಿಣ ಕನ್ನಡಕ್ಕೆ ಜೋರಾಗಿ ಬಂದದ್ದು 2008ರಲ್ಲಿ. ನಾನಾಗ ಪ್ರೈಮರಿ ಶಾಲೆ. ಸುತ್ತಮುತ್ತಲಿನ ಮನೆಗಳಲ್ಲಿ ದೊಡ್ಡವರೆಲ್ಲ ಗೋಡೆ ಹಿಡಿದು ನಡೆಯುತ್ತಿದ್ದದ್ದು, ತೋಟದ ಕೆಲಸಕ್ಕೆ ಜನ ಇಲ್ಲದೆ ಅಡಿಕೆ ಹಾಗೇ ಬಿದ್ದದ್ದು ಚೆನ್ನಾಗಿ ನೆನಪಿದೆ. 1952ರಲ್ಲಿ ಈ ರೋಗ ಮೊದಲು ಗುರುತಾದದ್ದು ಈಗಿನ ತಾಂಜಾನಿಯಾದಲ್ಲಿ. ಅಲ್ಲಿನ ಮಕೊಂಡೆ ಭಾಷೆಯಲ್ಲಿ ಹೆಸರಿನ ಅರ್ಥ ‘ಬಗ್ಗಿಸಿಬಿಡುವುದು’ ಅಂತ. ಎಷ್ಟು ಸರಿಯಾದ ಹೆಸರು ನೋಡಿ! ಆ ವರ್ಷ ನಮ್ಮ ಜಿಲ್ಲೆಯ ರೋಗಿಗಳನ್ನು ಹತ್ತು ತಿಂಗಳು ಹಿಂಬಾಲಿಸಿ ನೋಡಿದ ಅಧ್ಯಯನವೊಂದರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಆಗಲೂ ಗಂಟುನೋವು ಹೋಗಿರಲಿಲ್ಲ. ಅವರಲ್ಲಿ ಕೆಲವರ ಲಕ್ಷಣ ಥೇಟ್ ರುಮಟಾಯ್ಡ್‌ನಂತೆಯೇ ಇತ್ತು.

ಇದನ್ನು ಹರಡುವ ಈಡಿಸ್ ಸೊಳ್ಳೆಗೆ ಒಂದು ಅಡಿಕೆ ಹಾಳೆ, ಒಂದು ತೆಂಗಿನ ಚಿಪ್ಪು, ಒಂದು ರಬ್ಬರ್ ಕಪ್‌ನಲ್ಲಿ ನಿಂತ ನೀರು ಸಾಕು. ಅಂದರೆ ಈ ‘ವಾತ’ವನ್ನು ತಡೆಯುವ ಮದ್ದು ಮೆಡಿಕಲ್ ಶಾಪಿನಲ್ಲಿಲ್ಲ, ಅಂಗಳದಲ್ಲಿದೆ. ಇನ್ನೊಂದು ಮಾತು. ಮಳೆಗಾಲದಲ್ಲಿ ಜ್ವರದ ಜೊತೆ ಮೈಕೈ ನೋವು ಬಂದರೆ ಡೆಂಗಿ ಅಲ್ಲ ಅಂತ ಗೊತ್ತಾಗುವವರೆಗೆ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬಾರದು. ರಕ್ತಸ್ರಾವದ ಅಪಾಯ ಉಂಟು.

ನಾಲ್ಕು ವಾತ, ನಾಲ್ಕು ದಾರಿ. ಈಗ ಒಂದು ಸಣ್ಣ ಪ್ರಶ್ನೆ: ವಾತ ಇದ್ದವರು ಬೂತಾಯಿ ಮೀನು ತಿನ್ನಬಹುದೋ? ನಮ್ಮ ಕಡೆ ಇದು ಜೀವನ್ಮರಣದ ಪ್ರಶ್ನೆ :) ಗೌಟ್ ಇದ್ದವರಿಗೆ ಬೂತಾಯಿ ಒಳ್ಳೆಯದಲ್ಲ, ಯೂರಿಕ್ ಆಸಿಡ್ ಏರುತ್ತದೆ. ಕುಡಿತವಂತೂ ಇನ್ನೂ ಕೆಟ್ಟದ್ದು. ರುಮಟಾಯ್ಡ್ ಇದ್ದವರಿಗೆ ಅದೇ ಬೂತಾಯಿಯ ಕೊಬ್ಬಿನಿಂದ ಸ್ವಲ್ಪ ಉಪಕಾರವೇ ಆಗಬಹುದು. ಅಜ್ಜಿಯ ಮೊಣಕಾಲಿಗೆ ಬೂತಾಯಿ ತಿಂದರೂ ಒಂದೇ, ಬಿಟ್ಟರೂ ಒಂದೇ. ಒಂದೇ ಮೀನು, ಮೂರು ಉತ್ತರ! ಹಾಗಿರುವಾಗ ‘ವಾತಕ್ಕೆ ಪಥ್ಯ’ ಅಂತ ಉದ್ದು ಬಿಡಿಸಿ, ಬಟಾಟೆ ಬಿಡಿಸಿ, ಮೀನು ಬಿಡಿಸಿ, ಮೊದಲೇ ರಕ್ತಹೀನತೆ ಇರುವ ಹೆಂಗಸರನ್ನು ಇನ್ನಷ್ಟು ಸೊರಗಿಸುವುದರಲ್ಲಿ ಏನು ಅರ್ಥ?

ವಿಶ್ರಾಂತಿಯ ಕಥೆಯೂ ಹಾಗೆಯೇ. ಊದಿ ಬಿಸಿಯಾಗಿರುವ ಗಂಟಿಗೆ ವಿಶ್ರಾಂತಿ ಬೇಕು. ಸವೆದ ಮೊಣಕಾಲಿಗೆ ವ್ಯಾಯಾಮ ಬೇಕು. ಎಲ್ಲರಿಗೂ ‘ರೆಸ್ಟ್ ಮಾಡಿ’ ಅಂದರೆ ಅಜ್ಜಿಯ ಕಾಲು ಇನ್ನೂ ಬಲಹೀನ.

ಇಲ್ಲಿ ಕೆಲವರು ಹೇಳಬಹುದು, ವಾತ ಅನ್ನುವುದು ನಮ್ಮ ಆಯುರ್ವೇದದ ಶಬ್ದ, ಅದನ್ನು ಯಾಕೆ ಬಯ್ಯುತ್ತೀರಿ ಅಂತ. ಬಯ್ಯುತ್ತಿಲ್ಲ ಸ್ವಾಮೀ. ಆಯುರ್ವೇದದವರೂ ಬರೇ ವಾತ ಅಂತ ಬಿಟ್ಟವರಲ್ಲ. ಅವರಲ್ಲಿ ಸಂಧಿವಾತ ಬೇರೆ, ಆಮವಾತ ಬೇರೆ, ವಾತರಕ್ತ ಬೇರೆ. ಸಾವಿರ ವರ್ಷಕ್ಕೂ ಹಳೆಯ ಮಾಧವನಿದಾನದಲ್ಲಿ ಆಮವಾತಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಈಗಿನ ವೈದ್ಯರು ಸಂಧಿವಾತವನ್ನು ಆಸ್ಟಿಯೋಗೆ, ಆಮವಾತವನ್ನು ರುಮಟಾಯ್ಡ್‌ಗೆ, ವಾತರಕ್ತವನ್ನು ಗೌಟ್‌ಗೆ ಹೋಲಿಸುತ್ತಾರೆ. ಹಳಬರು ಬೇರೆ ಮಾಡಿ ಇಟ್ಟದ್ದನ್ನು ಒಟ್ಟು ಮಾಡಿ ಕಲಸಿದವರು ನಾವು.

ಕಲಸಿದ್ದರಿಂದ ಯಾರಿಗೆ ಲಾಭ ಅಂದರೆ, ಪುಡಿ ಕೊಡುವವರಿಗೆ. ದೊಡ್ಡಮ್ಮನಿಗೆ ಯಾರೋ ಹೇಳಿದರು, ಇಂಥ ಕಡೆ ಒಬ್ಬರು ವಾತಕ್ಕೆ ಪುಡಿ ಕೊಡುತ್ತಾರೆ, ಮೂರು ದಿನದಲ್ಲಿ ಗುಣ ಅಂತ. (ಊರೂ ಬೇಡ, ಹೆಸರೂ ಬೇಡ. ಅಂಥವರು ಒಬ್ಬರಲ್ಲ.) ನಿಜಕ್ಕೂ ಮೂರು ದಿನದಲ್ಲಿ ಗುಣ! ಬೆರಳು ಮಡಚಿತು, ಬೀಡಿ ಮತ್ತೆ 800ಕ್ಕೆ ಏರಿತು. ಪುಡಿಯವರು ದೇವರಾದರು. ಆರು ತಿಂಗಳಲ್ಲಿ ಮುಖ ಚಂದ್ರನ ಹಾಗೆ ದುಂಡಗಾಯಿತು, ಸಕ್ಕರೆ ಇಲ್ಲದವರಿಗೆ ಸಕ್ಕರೆ ಬಂತು. ಕಡೆಗೆ ಮಂಗಳೂರಿನಲ್ಲಿ ನೋಡಿದ ಡಾಕ್ಟರು ಮುಖ ನೋಡಿದ ಕೂಡಲೇ ಕೇಳಿದ್ದು, “ಪುಡಿ ಎಷ್ಟು ಸಮಯದಿಂದ ತಿಂತಿದ್ದೀರಿ ಅಮ್ಮಾ?”

ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸುವುದು ಹಳೆಯ ಚಾಳಿ. ಸ್ಟೀರಾಯ್ಡ್ ಅಂದರೆ ವಿಷ ಅಂತ ಅಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಹಾಸಿಗೆ ಹಿಡಿದಿದ್ದ ರುಮಟಾಯ್ಡ್ ರೋಗಿಯೊಬ್ಬಳಿಗೆ ಕಾರ್ಟಿಸೋನ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಅವಳು ಎದ್ದು ಓಡಾಡಿದಳು. ಈ ಕೆಲಸಕ್ಕೆ 1950ರಲ್ಲಿ ನೊಬೆಲ್ ಕೂಡಾ ಬಂತು. ಡಾಕ್ಟರು ಈಗಲೂ ಕೊಡುತ್ತಾರೆ, ಅಳತೆ ನೋಡಿ, ಸ್ವಲ್ಪ ಸಮಯಕ್ಕೆ. ಆದರೆ ಅಳತೆಯಿಲ್ಲದೆ ತಿಂಗಳುಗಟ್ಟಲೆ ತಿಂದರೆ ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ, ಸೋಂಕು ಬೇಗ ತಗಲುತ್ತದೆ. ಇದನ್ನು ಗೊತ್ತಾದ ಕೂಡಲೇ ಒಮ್ಮೆಗೇ ಬಿಡುವುದೂ ಅಪಾಯ, ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ. ಡಾಕ್ಟರ ಹತ್ತಿರ ಹೇಳಿಯೇ ಮೆಲ್ಲ ಇಳಿಸಬೇಕು. ಎರರ್ ಸರಿ ಮಾಡದೆ ಎರರ್ ಮೆಸೇಜನ್ನು ಮಾತ್ರ ಮುಚ್ಚಿಟ್ಟರೆ ಏನಾಗುತ್ತದೆ ಅಂತ ನಮ್ಮಂಥವರಿಗೆ ಗೊತ್ತಿಲ್ಲವೇ? ಪುಡಿ ಮಾಡುವುದು ಅದನ್ನೇ. ನೋವಿಲ್ಲ, ಆದರೆ ಒಳಗೆ ಗಂಟು ಸವೆಯುತ್ತಲೇ ಇರುತ್ತದೆ.

ಸರಿಯಾದ ಮದ್ದು ಸಿಕ್ಕಿದ ಮೇಲೂ ಕಥೆ ಮುಗಿಯಲಿಲ್ಲ. ಮೆಥೊಟ್ರೆಕ್ಸೇಟ್ ಅಂತ ಬರೆದುಕೊಟ್ಟರು. ನೆಂಟರಲ್ಲಿ ಒಬ್ಬರು ಮೊಬೈಲಿನಲ್ಲಿ ಹುಡುಕಿ, “ಅಯ್ಯೋ, ಇದು ಕ್ಯಾನ್ಸರ್ ಮದ್ದು!” ಅಂದರು. ಮನೆಯಲ್ಲಿ ಗಲಾಟೆಯೋ ಗಲಾಟೆ. ಕ್ಯಾನ್ಸರಿಗೆ ಕೊಡುವುದು ಹೌದು, ಆದರೆ ಅಲ್ಲಿ ಪ್ರಮಾಣ ಎಷ್ಟೋ ಪಟ್ಟು ಹೆಚ್ಚು. ರುಮಟಾಯ್ಡ್‌ಗೆ ಅಮೆರಿಕದಲ್ಲಿ 1988ರಲ್ಲೇ ಒಪ್ಪಿಗೆ ಸಿಕ್ಕಿದ, ಜಗತ್ತಿನಾದ್ಯಂತ ಮೊದಲು ಕೊಡುವ ಮದ್ದು ಇದು. ಇದರ ಹಿಂದೆ ನಮ್ಮ ಪಕ್ಕದ ಆಂಧ್ರದವರೊಬ್ಬರ ಕೈ ಇದೆ ಅಂತ ಗೊತ್ತಾದಾಗ ನನಗೆ ಖುಷಿಯಾಯಿತು. ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಮುನ್ನಡೆಸಿದ ತಂಡದಿಂದಲೇ ಈ ಜಾತಿಯ ಮದ್ದುಗಳು ಬಂದದ್ದು, 1940ರ ದಶಕದಲ್ಲಿ.

ಮನೆಯಲ್ಲಿ ಈ ಮಾತ್ರೆ ಇರುವವರಿಗೆ ಒಂದು ಮಾತು ದಪ್ಪ ಅಕ್ಷರದಲ್ಲಿ ಹೇಳಬೇಕು. ಇದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮದ್ದು. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ನಮ್ಮಲ್ಲಿ ಅದಕ್ಕೆ ‘ಆದಿತ್ಯವಾರದ ಮಾತ್ರೆ’ ಅಂತಲೇ ಹೆಸರಿಟ್ಟು ಪೆಟ್ಟಿಗೆ ಮೇಲೆ ಬರೆದಿದ್ದೇವೆ. ಜೊತೆಗೆ ಡಾಕ್ಟರು ಹೇಳಿದ ದಿನ ಫೋಲಿಕ್ ಆಸಿಡ್, ಆಗಾಗ ರಕ್ತಪರೀಕ್ಷೆ. ಮಗು ಬೇಕೆನ್ನುವ ಹೆಂಗಸರು, ಕುಡಿಯುವ ಅಭ್ಯಾಸದವರು ಡಾಕ್ಟರ ಹತ್ತಿರ ಮುಚ್ಚಿಡದೆ ಮೊದಲೇ ಹೇಳಬೇಕು. ಇನ್ನೊಂದು, ಇದು ಪುಡಿಯ ಹಾಗೆ ಮೂರು ದಿನದಲ್ಲಿ ಪವಾಡ ಮಾಡುವುದಿಲ್ಲ. ಆರೆಂಟು ವಾರ ಕಾಯಬೇಕು. ಆ ಆರೆಂಟು ವಾರದಲ್ಲೇ ಎಷ್ಟೋ ಜನ ‘ಇದು ಆಗುವುದಿಲ್ಲ’ ಅಂತ ಪುಡಿಗೆ ವಾಪಸ್ ಹೋಗುವುದು.

‘ಹಳ್ಳಿಯವರಿಗೆ ರೋಗದ ಹೆಸರು ಗೊತ್ತಾಗಿ ಏನು ಪ್ರಯೋಜನ, ಹೆಸರಿನಿಂದ ಗುಣ ಆಗುತ್ತದಾ?’ ಅಂತ ಒಬ್ಬ ಗೆಳೆಯ ಕೇಳಿದ. ಒಪ್ಪಬೇಕಾದ ಪ್ರಶ್ನೆಯೇ. ಸಾಗರ ತಾಲೂಕಿನ ಹಂದಿಗೋಡಿನ ಕಥೆ ಕೇಳಿರಬಹುದು. 1975ರ ಹೊತ್ತಿಗೆ ಅಲ್ಲಿನ ದಲಿತ ಕೂಲಿಕಾರರ ಮನೆಗಳಲ್ಲಿ ಸೊಂಟ ಮೊಣಕಾಲು ಹಿಡಿದು, ಎಳೆಯ ಪ್ರಾಯದಲ್ಲೇ ತೆವಳುವ ಸ್ಥಿತಿಗೆ ಬಂದವರು ಕಾಣಿಸಿಕೊಂಡರು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೂಲಕ ಹೊಟ್ಟೆ ಸೇರಿತು ಅಂತ ಮೊದಲು ಸಂಶಯಪಟ್ಟರು. ಆಮೇಲಿನ ಅಧ್ಯಯನಗಳಲ್ಲಿ ಅದು ವಂಶವಾಹಿಯಿಂದ ಬರುವ ಕಾಯಿಲೆ ಅಂತ ಗೊತ್ತಾಯಿತು. ‘ಹಂದಿಗೋಡು ಕಾಯಿಲೆ’ ಅಂತ ಅದಕ್ಕೆ ಊರಿನದ್ದೇ ಹೆಸರು ಬಂತು. ಗುಣಪಡಿಸುವ ಮದ್ದು ಮಾತ್ರ ಬಂದಿಲ್ಲ. ಹಾಗಾಗಿ ಹೆಸರೊಂದೇ ಸಾಕಾಗುವುದಿಲ್ಲ ಎಂಬುದು ಸತ್ಯ. ಆದರೆ ರುಮಟಾಯ್ಡ್, ಗೌಟ್ ಹಾಗಲ್ಲವಲ್ಲ. ಇವಕ್ಕೆ ಮದ್ದು ಇದೆ, ಮುಖ್ಯವಾದ ಮದ್ದುಗಳು ಅಗ್ಗಕ್ಕೂ ಸಿಗುತ್ತವೆ. ಮದ್ದು ಇದ್ದೂ ಹೆಸರಿಲ್ಲದ ಕಾರಣಕ್ಕೆ ಕೈ ಕಳೆದುಕೊಳ್ಳುವುದು ಎಂಥ ಅನ್ಯಾಯ!

ಅದೂ ಎಲ್ಲಿ? ಫರಂಗಿಪೇಟೆಯಲ್ಲಿ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ಮಂಗಳೂರು. ಅಲ್ಲಿ ಸರಕಾರದ ವೆನ್ಲಾಕ್ ಇದೆ, ಸುತ್ತ ಎಣಿಸಲು ಎರಡು ಕೈ ಬೇಕಾಗುವಷ್ಟು ಮೆಡಿಕಲ್ ಕಾಲೇಜುಗಳಿವೆ. ದೊಡ್ಡಮ್ಮನಿಗೆ ಆ ಮುಕ್ಕಾಲು ಗಂಟೆಯ ದಾರಿಗೆ ಎರಡು ವರ್ಷ ಹಿಡಿಯಿತು. ಒಂದು ದಿನದ ಮಜೂರಿ ಹೋಗುತ್ತದೆ ಎಂಬ ಲೆಕ್ಕ ಒಂದು ಕಡೆ, ‘ವಾತಕ್ಕೆಲ್ಲ ಯಾರಾದರೂ ಮಂಗಳೂರಿಗೆ ಹೋಗುತ್ತಾರಾ’ ಎಂಬ ಮಾತು ಇನ್ನೊಂದು ಕಡೆ.

ಹಾಗಾದರೆ ಏನು ಮಾಡಬಹುದು? ದೊಡ್ಡ ಯೋಜನೆ ಏನೂ ಬೇಡ. ಮನೆಯಲ್ಲಿ ಯಾರಾದರೂ ‘ವಾತ’ ಅಂದಾಗ ನಾವು ಐದು ಪ್ರಶ್ನೆ ಕೇಳಿದರೆ ಸಾಕು:

1. ಬೆಳಿಗ್ಗೆ ಎದ್ದಾಗ ಗಂಟು ಬಿಗಿ ಆಗಿರುತ್ತದಾ? ಎಷ್ಟು ಹೊತ್ತು? (ಅರ್ಧ ಮುಕ್ಕಾಲು ಗಂಟೆಗಿಂತ ಹೆಚ್ಚಾದರೆ ಎಚ್ಚರ.)
2. ಯಾವ ಗಂಟು? ದೊಡ್ಡದೋ, ಕೈಯ ಸಣ್ಣ ಗಂಟುಗಳೋ? ಒಂದು ಕಡೆಯೋ, ಎರಡೂ ಕಡೆಯೋ?
3. ಬರೇ ನೋವೋ, ಊತವೂ ಉಂಟೋ? ಕೈಕುಲುಕಿ ಮೆಲ್ಲ ಒತ್ತಿದರೆ ಬೆರಳುಗಳ ಬುಡ ನೋಯುತ್ತದಾ?
4. ಕೆಲಸ ಮಾಡಿದರೆ ಹೆಚ್ಚೋ, ಓಡಾಡಿದ ಮೇಲೆ ಕಡಿಮೆಯೋ?
5. ಅದಕ್ಕಿಂತ ಮೊದಲು ಜ್ವರ ಬಂದಿತ್ತಾ? ನೋವು ಎಷ್ಟು ವಾರದಿಂದ?

ಊತ ಆರು ವಾರ ದಾಟಿದರೆ ಎಣ್ಣೆ ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಬೇಕು. ಸಾಧ್ಯವಾದರೆ ರುಮಟಾಲಜಿಸ್ಟ್ ಹತ್ತಿರ. ಒಂದೇ ಗಂಟು ಇದ್ದಕ್ಕಿದ್ದಂತೆ ಊದಿ, ಜ್ವರವೂ ಇದ್ದರೆ ಅದೇ ದಿನ ಹೋಗಬೇಕು. ಸೋಂಕಾಗಿದ್ದರೆ ಕೆಲವೇ ದಿನದಲ್ಲಿ ಗಂಟು ಹಾಳು. ‘ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂದಿದೆ, ಏನೂ ಇಲ್ಲ’ ಅಂತ ಲ್ಯಾಬಿನ ಚೀಟಿ ನೋಡಿ ಮನೆಗೆ ಬರುವುದೂ ತಪ್ಪು. ರೋಗ ಇದ್ದೂ ನೆಗೆಟಿವ್ ಬರುತ್ತದೆ, ಇಲ್ಲದೆಯೂ ಪಾಸಿಟಿವ್ ಬರುತ್ತದೆ.

ಸರಕಾರಕ್ಕೂ ಒಂದು ಮಾತು. ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆ, ಕ್ಯಾನ್ಸರ್ ಲಕ್ಷಣಗಳ ತಪಾಸಣೆ ಊರಿನ ಆರೋಗ್ಯ ಕೇಂದ್ರಗಳ ಮೂಲಕ ನಡೆಯುತ್ತದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬರುತ್ತಾರೆ. ಆ ಫಾರಂನಲ್ಲಿ ಇನ್ನೊಂದು ಸಾಲು ಸೇರಿಸಿ: ‘ಬೆಳಿಗ್ಗೆ ಬೆರಳು ಮಡಚಲು ಎಷ್ಟು ಹೊತ್ತು ಬೇಕು?’ ಖರ್ಚಿಲ್ಲ, ಮೆಷಿನು ಬೇಡ. ಬೀಡಿ ಬ್ರಾಂಚಿನಲ್ಲೂ ಒಬ್ಬರ ಲೆಕ್ಕ ಆರು ತಿಂಗಳಲ್ಲಿ ಅರ್ಧಕ್ಕೆ ಇಳಿದರೆ ‘ಯಾಕಕ್ಕ, ಕೈಗೆ ಏನಾಯ್ತು?’ ಅಂತ ಒಬ್ಬರಾದರೂ ಕೇಳಲಿ.

ದೊಡ್ಡಮ್ಮನ ಊತ ಈಗ ಹತೋಟಿಯಲ್ಲಿದೆ. ಬಲಗೈಯ ಎರಡು ಬೆರಳು ಮಾತ್ರ ಓರೆಯಾದದ್ದು ಹಾಗೇ ಉಳಿಯಿತು. ದಿನಕ್ಕೆ 500 ಬೀಡಿ ಕಟ್ಟುತ್ತಾರೆ. ಮೊದಲಿನ 900 ಇನ್ನು ಬರುವುದಿಲ್ಲ.

ನಿಮ್ಮ ಕಡೆ ಈ ಗಂಟುನೋವಿಗೆ ಏನೇನು ಹೆಸರುಗಳಿವೆ? ಘಟ್ಟದ ಮೇಲೆ, ಬಯಲುಸೀಮೆಯಲ್ಲಿ, ಕಾಸರಗೋಡಿನಲ್ಲಿ? ಬೇರೆ ಬೇರೆ ನೋವಿಗೆ ಬೇರೆ ಬೇರೆ ಶಬ್ದ ಯಾರ ಮನೆಯಲ್ಲಾದರೂ ಉಳಿದಿದ್ದರೆ ದಯವಿಟ್ಟು ಬರೆದು ತಿಳಿಸಿ. ಊರಿಗೆ ಫೋನ್ ಮಾಡಿದಾಗ ಅಮ್ಮನ ಹತ್ತಿರ ‘ಊಟ ಆಯ್ತಾ’ ಕೇಳಿದ ಮೇಲೆ, ‘ಬೆಳಿಗ್ಗೆ ಕೈ ಮಡಚಲು ಆಗ್ತದಾ?’ ಅಂತಲೂ ಒಮ್ಮೆ ಕೇಳಿ ನೋಡಿ.